ಹಂಡೆ

ಆ ವಿಮಾನಕ್ಕೆ ಹೆಸರಿಟ್ಟವರು ಯಾರು ಅಂತ
ಮುರುಗೇಶಪಾಳ್ಯದಲ್ಲಿ ಕೇಳಬೇಡಿ.
ಕೇಳಿದರೆ ಸಂಜೆಯಾಗುತ್ತದೆ.

ಬಂದದ್ದು ಬಾಂಬು ಹೊರುವ ಹೊಟ್ಟೆಯ ಜೊತೆ,
ಅಷ್ಟನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.
ಬರ್ಮಾದ ಕಡೆಯಿಂದ, ಬಾಲ ಹರಿದುಕೊಂಡು,
ಮೂಗಿನ ಗಾಜು ಪುಡಿಯಾಗಿ.
ಸತ್ತ ಇನ್ನೊಂದರ ಬಾಲ ತಂದು ಇದಕ್ಕೆ ಕೂಡಿಸಿದರು,
ಹಾಗಾಗಿ ಮುಂದೆ ಪಾಚಿ ಹಸಿರು, ಹಿಂದೆ ಮರಳಿನ ಬಣ್ಣ.
ಬಂದೂಕು ಕಿತ್ತರು, ಬಾಂಬು ತೂಗುವ ಕೊಕ್ಕೆ ಕಿತ್ತರು,
ಒಳಗೆ ನಾಲ್ಕು ಟ್ಯಾಂಕು ಕೂರಿಸಿದರು
ಪೆಟ್ರೋಲು ತುಂಬಿ ಹಿಮದ ಬೆಟ್ಟ ದಾಟಿಸಲು.
ಕೊಲ್ಲುವುದಕ್ಕೆ ಹುಟ್ಟಿದ್ದು
ಹೊರುವುದಕ್ಕೆ ನಿಂತಿತು.

ಮೂಗಿನ ಪಕ್ಕ ಅಮೆರಿಕದವರ ಒಬ್ಬ ಹುಡುಗಿ ಇದ್ದಳು,
ಕೆಂಪು ಈಜುಡುಗೆ, ಕೆಳಗೆ ಓರೆ ಅಕ್ಷರದಲ್ಲಿ
ಡಾಲಿ ಅಂತಲೋ ಡಾಟಿ ಅಂತಲೋ.
ಸೊಂಟದಿಂದ ಕೆಳಗೆ ಸುಟ್ಟಿದ್ದಳು.
ಜಟಕಾಗಳಿಗೆ ನವಿಲು ಬರೆಯುತ್ತಿದ್ದ ದಸ್ತಗೀರನನ್ನು
ಬ್ಲಾಕ್‌ಪಲ್ಲಿಯಿಂದ ಕರೆಸಿ, ತಿದ್ದು ಎಂದರು.
ತಿದ್ದಿದ. ಬರಿಗಾಲು ಬರೆಯಲು ನಾಚಿ
ಆ ಜಾಗದಲ್ಲಿ ಒಂದು ತಾಮ್ರದ ಪಾತ್ರೆ ಬರೆದ.
ಹಂಡೆಯಲ್ಲಿ ನಿಂತ ಹುಡುಗಿ!
ಹೆಸರು ಹುಟ್ಟಿದ್ದು ಅಲ್ಲಿಂದ.
ಇದು ಪೇಂಟ್ ಶಾಪಿನವರ ಕಥೆ.

ಅಲ್ಲವೇ ಅಲ್ಲ, ಅನ್ನುತ್ತಾರೆ ರಿವೆಟ್ ಹೊಡೆದವರು.
ಖಾಲಿ ಟ್ಯಾಂಕಿಗೆ ಗೆಣ್ಣಿನಿಂದ ತಟ್ಟಬೇಕಿತ್ತು ನೀವು:
ದೊಂಯ್
ಎಣ್ಣೆಸ್ನಾನದ ಬೆಳಿಗ್ಗೆ ಬಚ್ಚಲಲ್ಲಿ ಕೇಳುತ್ತಲ್ಲ, ಅದೇ.

ಸ್ಟೋರ್ಸಿನ ಗುಮಾಸ್ತ ಶ್ಯಾಮಣ್ಣರಾಯರದು ಮೂರನೆಯದು.
ಹೊರಟರೆ ಹೊಗೆ, ಇಳಿದರೆ ಹೊಗೆ,
ಒಳಗೆ ಕೂತವರಿಗೆ ಸೀಗೆಪುಡಿ ಬಿದ್ದ ಕಣ್ಣು.
"ಮತ್ತೇನಂತಾರೆ ಅದನ್ನ? ಪುಷ್ಪಕ ಅಂತಾರಾ?"

ನಾಲ್ಕನೆಯದು ನಮ್ಮ ಮನೆಯದು.

ತಾತ ಪಿಳ್ಳಮುನಿಯಪ್ಪನಿಗೆ ಆಗ ಹದಿನೈದು,
ಹದಿನೆಂಟು ಅಂತ ಬರೆಸಿದ್ದರು.
ಟ್ಯಾಂಕಿನ ಬಾಯೊಳಗೆ ಇಳಿಯಬಲ್ಲ ಹೆಗಲು
ಇಡೀ ಶೆಡ್ಡಿನಲ್ಲಿ ಅವನೊಬ್ಬನದೇ.
ಹೊರಗೆ ಅಂತೋಣಪ್ಪನ ಸುತ್ತಿಗೆ,
ಒಳಗೆ ಇವನು ಕಬ್ಬಿಣದ ದಿಮ್ಮಿ ಒತ್ತಿ ಹಿಡಿದು,
ಮೊಳೆಗೊಂದು ಸಿಡಿಲು.
ಒಂದು ಮಧ್ಯಾಹ್ನ ಮುದ್ದೆ ಉಂಡವನು ಒಳಗೇ ಮಲಗಿದ.
ಮುಚ್ಚಳ ಬಿಗಿದರು. ಪರೀಕ್ಷೆಗೆ ಹಾರಿಸಿಯೂ ಬಿಟ್ಟರು.
ಬೆಳ್ಳಂದೂರು ಕೆರೆಯ ಮೇಲೆ
ಹೊಟ್ಟೆಯೊಳಗಿಂದ ಯಾರೋ ತಟ್ಟುವುದು ಕೇಳಿ
ಪೈಲಟ್ ಎದೆಗೆ ಶಿಲುಬೆ ಗೀಚಿಕೊಂಡನಂತೆ.
ನಾಲ್ಕು ಎಂಜಿನ್ನಿನ ಗದ್ದಲದಲ್ಲಿ ಹೇಗೆ ಕೇಳಿಸಿತು
ಅಂತ ಯಾರೂ ಕೇಳುವುದಿಲ್ಲ,
ಕಥೆಗಳಿಗೆ ಕಿವಿ ಚುರುಕು.
ಅದು ಇಲ್ಲೇ ಇಳಿಯಿತು ಅನ್ನುತ್ತಾನೆ ಚಿಕ್ಕಪ್ಪ.
ಅಜ್ಜಿಯ ಲೆಕ್ಕದಲ್ಲಿ ಇಳಿದದ್ದು ಚೀನಾದಲ್ಲಿ,
ಉಪ್ಪಿಲ್ಲದ ಅನ್ನ ತಿಂದು ಮಾರನೆಯ ದಿನ ಬಂದ.
ಸಾಕ್ಷಿಗೆ ಒಂದು ಪಿಂಗಾಣಿ ಚಮಚ ಇದೆ.
ರಸೆಲ್ ಮಾರ್ಕೆಟ್ಟಿನಲ್ಲಿ ಅಂಥವು ಡಜನ್ನಿಗೆ ಸಿಗುತ್ತಿದ್ದವು,
ಅಜ್ಜಿಯ ಮುಂದೆ ಹೇಳುವಂತಿಲ್ಲ.

ನಾನು ಹೋಗಿ ಹಳೇ ರಿಜಿಸ್ಟರು ತೆಗೆಸಿದೆ.
ಗೆದ್ದಲು ತಿಂದು ಬಿಟ್ಟ ಅಂಚಿನೊಳಗೆ
ಒಂದು ನಂಬರು, ಒಂದು ತಾರೀಖು,
ಮಾರ್ಪಾಡು ಮುಗಿದಿದೆ, ಪೂರ್ವಕ್ಕೆ ಹೋಗಿದೆ.
ಹಂಡೆ ಅಂತ ಇಲ್ಲ. ಡಾಲಿ ಅಂತ ಇಲ್ಲ.
ಎದುರಿನ ಕಾಲಮ್ಮಿನಲ್ಲಿ, ವಾಪಸು ಬಂದ ತಾರೀಖಿನ ಮನೆಯಲ್ಲಿ
ಏನೂ ಇಲ್ಲ.
ಅದೇ ಮೊಳೆಗಳು, ಆ ನಾಲ್ಕು ಟ್ಯಾಂಕು,
ಒಳಗೆ ಎಷ್ಟು ಜನವೋ.

ನಾನು ಕಂಡಾಗಿನಿಂದ ತಾತನಿಗೆ ಕಿವಿ ಇರಲಿಲ್ಲ.
ಬೆಳಿಗ್ಗೆ ಬಚ್ಚಲಿಗೆ ಹೋಗಿ
ಹಂಡೆಗೆ ಕೆನ್ನೆ ಒತ್ತಿ
ಮೂರು ಸಲ ತಟ್ಟುತ್ತಿದ್ದ.
ನೀರೆಷ್ಟಿದೆ ನೋಡುತ್ತಾನೆ ಅಂದುಕೊಂಡಿದ್ದೆ.
ತಟ್ಟಿ, ಕೆನ್ನೆ ತೆಗೆಯದೆ ನಿಲ್ಲುತ್ತಿದ್ದ.

ಒಮ್ಮೆ ಕಿವಿಯ ಹತ್ತಿರ ಹೋಗಿ ಕೂಗಿದೆ:
"ತಾತಾ, ಅದು ವಾಪಸ್ಸು ಬಂತಾ?"

"ಇನ್ನೂ ಇಲ್ಲ ಕಣೆ," ಅಂದ,
"ಸೌದೆ ಹಸಿ. ಕಾಯಬೇಕು."